ಸೈಡ್ ಸ್ಟ್ಯಾಂಡಿನ ಬಳಿ ಒಂದು ಬಲೆಗಂಟು

ಬೈಕು ನಿಂತ ಸುದ್ದಿ ನಮ್ಮ ಮನೆಗೆ ಮಾರಾಟವಾಗದ ಬಂಗುಡೆಯ ರೂಪದಲ್ಲಿ ಬಂತು.

ಅಪ್ಪಯ್ಯ ದಿನಾ ಬೆಳಕು ಹರಿಯುವಾಗ ಗಂಗೊಳ್ಳಿ ಬಂದರಿಗೆ ಹೋಗಿ ಮೀನು ತೆಗೆದುಕೊಂಡು, ಬೈಕಿನ ಹಿಂದಿನ ಪೆಟ್ಟಿಗೆಗೆ ಐಸಿನ ಜೊತೆ ತುಂಬಿಸಿ, ಹೆಮ್ಮಾಡಿ, ವಂಡ್ಸೆ ದಾಟಿ ಕೆರಾಡಿ ಕಡೆಯ ಮನೆಮನೆಗೆ ಮಾರುತ್ತಾ ಹೋಗುತ್ತಿದ್ದರು. ಪ್ರಾಯವೆಲ್ಲ ಬೋಟಿನಲ್ಲಿ ದುಡಿದು, ಸೊಂಟ ಕೈಕೊಟ್ಟ ಮೇಲೆ ಹಿಡಿದ ಕೆಲಸ ಅದು. ಪೆಟ್ಟಿಗೆ ಖಾಲಿಯಾಗದೆ ಅವರು ಮನೆಗೆ ಬಂದದ್ದನ್ನು ನಾನು ಕಂಡಿರಲಿಲ್ಲ. ಆ ದಿನ ಮಧ್ಯಾಹ್ನ ಒಂದು ಗಂಟೆಗೇ ಅಂಗಳದಲ್ಲಿ ಬೈಕಿನ ಸದ್ದು ಕೇಳಿತು. ಅಮ್ಮ ಪೆಟ್ಟಿಗೆಯ ಮುಚ್ಚಳ ಎತ್ತಿದರು. ಅರ್ಧಕ್ಕರ್ಧ ಮೀನು ಹಾಗೇ ಇತ್ತು.

“ಎಂತ, ಬಂಗ್ಡೆ ತಿರ್ಗಿ ಬಂತ್?”

“ಗಾಡಿ ನಿಂತ್ ಹೋಯ್ತ್.”

“ಪೆಟ್ರೋಲ್ ಹಾಕಿರ್ಲಿಲ್ಯಾ?”

“ಟ್ಯಾಂಕ್ ಫುಲ್ ಇತ್ತ್. ಹೋಪತ್ತಿಗೇ ನಿಂತ್ತ್, ಇಳುಕಲಲ್ಲಿ. ಸುಮಾರ್ ಹೊತ್ತ್ ಬಿಟ್ಟ್ ಅದಾಗೇ ಸ್ಟಾರ್ಟ್ ಆಯ್ತ್.”

ಅಷ್ಟೇ ಹೇಳಿ ಅವರು ಜಗಲಿಯಲ್ಲಿ ಕೂತರು. ಅಮ್ಮ ಕೊಟ್ಟ ನೀರಿನ ಚೊಂಬನ್ನು ಪಕ್ಕಕ್ಕಿಟ್ಟು, ಬೈಕಿನ ಕೀಲಿಯನ್ನು ಅಮ್ಮನ ಕೈಗೆ ದಾಟಿಸಿ, ಗಾಡಿ ಕಾಣದ ಕಡೆಗೆ ತಿರುಗಿದರು. ಗಾಳಿ ಎದ್ದಾಗ ಕಡಲಿಗೆ ಹೋದವರು, ಹಾವು ಹೊಕ್ಕ ಬಲೆಯನ್ನು ಬರಿಗೈಯಲ್ಲಿ ಬಿಡಿಸಿದವರು ನಮ್ಮ ಅಪ್ಪಯ್ಯ. ಒಂದು ಬೈಕು ನಿಂತದ್ದಕ್ಕೆ ಇಷ್ಟು ಹೆದರುವುದೇ ಎಂದು ನನಗೆ ಆಶ್ಚರ್ಯವಾಯಿತು. ಆಮೇಲೆ ಅವರ ಹೆದರಿಕೆ ಮೆಲ್ಲಗೆ ನನಗೂ ಅಂಟಿತು. ಕೆರಾಡಿಯ ಆ ಇಳುಕಲಿನ ಒಂದು ಬದಿಗೆ ಕಾಡು, ಇನ್ನೊಂದು ಬದಿಗೆ ಏನೂ ಇಲ್ಲ.

ನನ್ನ ಬಗ್ಗೆ ಎರಡು ಮಾತು ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನಾನು ಆಗ ಕುಂದಾಪುರದ ಕಾಲೇಜಿನಲ್ಲಿ ಕೊನೆಯ ವರ್ಷದಲ್ಲಿದ್ದೆ, ಮೂರು ವರ್ಷದಿಂದ ಚರ್ಚಾ ತಂಡದಲ್ಲಿದ್ದೆ. ಯಾವ ಮಾತನ್ನೂ ಪುರಾವೆ ಇಲ್ಲದೆ ಒಪ್ಪಬಾರದು, ಆರೋಪ ಹೊರಿಸಿದವನೇ ಅದನ್ನು ಸಾಬೀತು ಮಾಡಬೇಕು, ಎದುರಾಳಿಗೆ ಬೇಕಾದ ಸಂಗತಿಯನ್ನು ನೀನಾಗಿ ಎಂದೂ ಒದಗಿಸಬೇಡ ಎಂದು ನಮಗೆ ಕಲಿಸಿದ್ದರು. ಬೈಕು ತಂದ ದಿನ ಅಮ್ಮ ಹ್ಯಾಂಡಲಿಗೆ ನಿಂಬೆಹಣ್ಣು ಮೆಣಸು ಕಟ್ಟಿದಾಗ, ಇದಕ್ಕೆ ವಾರಂಟಿ ಪುಸ್ತಕ ಇರುವಾಗ ನಿಂಬೆಹಣ್ಣು ಯಾಕೆ ಎಂದು ಕೇಳಿ ಬೈಸಿಕೊಂಡವನು ನಾನು. ಆ ಪುಸ್ತಕವನ್ನು ಇಡೀ ಮನೆಯಲ್ಲಿ ಓದಿದವನೂ ನಾನೊಬ್ಬನೇ. ಬಹುಶಃ ಇಡೀ ಊರಿನಲ್ಲಿ.

ಗಾಡಿಗೆ ಇನ್ನೂ ಒಂದು ವರ್ಷ ತುಂಬಿರಲಿಲ್ಲ. ಮರುದಿನವೇ ಇಬ್ಬರೂ ಕುಂದಾಪುರದ ಸರ್ವೀಸ್ ಸ್ಟೇಷನ್ನಿಗೆ ಹೋದೆವು. ಗಾಡಿ ತೆಗೆದುಕೊಂಡು ಚೀಟಿ ಬರೆಯುವ ಅಡ್ವೈಸರ್ ಕೊಕ್ಕರ್ಣೆ ಕಡೆಯವರು, ಮೂವತ್ತರ ಆಸುಪಾಸಿನ ಪ್ರಾಯ. ಬೈಕಿನ ಸುತ್ತ ಒಂದು ಸುತ್ತು ಬಂದು ನಿಂತರು.

“ಹ್ವಾಯ್, ಇದೆಂತ ಗಾಡಿಯಾ, ಮೀನ್ ಮಾರ್ಕೆಟಾ?”

ಹಿಂಬದಿಗೆ, ಬೈಂದೂರಿನಲ್ಲಿ ವೆಲ್ಡಿಂಗ್ ಮಾಡಿಸಿದ ಕಬ್ಬಿಣದ ಚೌಕಟ್ಟು, ಅದರ ಮೇಲೆ ಮೀನಿನ ಪೆಟ್ಟಿಗೆ ಕಟ್ಟುವ ಕೊಕ್ಕೆಗಳು. ಮುಂದೆ ಹ್ಯಾಂಡಲಿಗೆ ಸಿಕ್ಕಿಸಿದ ರಬ್ಬರಿನ ಪೋಂ ಪೋಂ ಹಾರ್ನು. ಮೀನಿನವರು ಬಂದರು ಎಂದು ಮನೆಯವರಿಗೆ ತಿಳಿಯುವುದು ಆ ಹಾರ್ನಿನಿಂದಲೇ.

“ಕಾಣಿ, ಹೊರ್ಗಿನ ಸಾಮಾನ್ ಹಾಕಿದ್ರಿ. ಗಾಡಿ ಮಾಡಿಫೈ ಮಾಡಿದ್ರೆ ವಾರಂಟಿ ಹೋಯ್ತ್. ಇದ್ ನಾನ್ ಹೇಳೂದಲ್ಲ, ಕಂಪನಿ ಹೇಳೂದ್.”

“ಕಂಪನಿ ಎಲ್ಲಿ ಹಾಂಗೆ ಹೇಳಿತ್ತ್, ತೋರ್ಸಿ,” ಎಂದೆ ನಾನು. ಪುಸ್ತಕ ಚೀಲದಲ್ಲಿತ್ತು.

ಅವರಿಗೆ ಪಾಪ, ಬೆಳಿಗ್ಗೆ ಒಂಬತ್ತು ಗಂಟೆಗೆ ಇಂಥ ಗಿರಾಕಿ ಬೇಕಿರಲಿಲ್ಲ. ಪುಟ ತೆರೆದು ಬೆರಳಿಟ್ಟು ತೋರಿಸಿದೆ. ಬದಲಾವಣೆ ಮಾಡಿದ ಗಾಡಿಗೆ ವಾರಂಟಿಯೇ ಇಲ್ಲ ಎಂದು ಅಲ್ಲಿ ಬರೆದಿರಲಿಲ್ಲ. ಹೊರಗಿನ ಸಾಮಾನಿನಿಂದ ಯಾವ ಭಾಗ ಹಾಳಾಯಿತೋ ಆ ಭಾಗಕ್ಕೆ ಇಲ್ಲ ಎಂದಿತ್ತು. ಎರಡೂ ಒಂದೇ ಅಲ್ಲ. ಚೌಕಟ್ಟಿನಿಂದ ಹಿಂದಿನ ಸಸ್ಪೆನ್ಶನ್ ಕುಸಿದರೆ ನಿಮ್ಮ ಮಾತು ಒಪ್ಪುತ್ತೇನೆ. ಬೋಲ್ಟು ಹಾಕಿ ಕೂರಿಸಿದ ಚೌಕಟ್ಟು ಓಡುವ ಇಂಜಿನನ್ನು ನಿಲ್ಲಿಸುವುದು ಹೇಗೆ? ರಬ್ಬರ್ ಹಾರ್ನಿಗೆ ವಯರೇ ಇಲ್ಲ, ಅದಕ್ಕೆ ಬೇಕಾದ್ದು ಗಾಳಿ ಮಾತ್ರ. ನಮ್ಮ ಸಾಮಾನಿನಿಂದಲೇ ಇಂಜಿನು ನಿಂತಿತು ಎನ್ನುವುದಾದರೆ ಸಾಬೀತು ಮಾಡಬೇಕಾದವರು ನೀವು ಎಂದೆ.

“ಮಗ ವಕೀಲನಾ?” ಅಡ್ವೈಸರ್ ಅಪ್ಪಯ್ಯನನ್ನು ಕೇಳಿದರು.

“ಇಲ್ಲ, ಬಾಯಿ ಒಂದ್ ಹಾಂಗಿತ್ತ್,” ಎಂದರು ಅಪ್ಪಯ್ಯ. ಅಲ್ಲಿದ್ದವರೆಲ್ಲ ನಕ್ಕರು, ನಾನೂ ನಕ್ಕೆ.

“ಆಯ್ತ್, ವಯರಿಂಗ್ ಎಂತಾದ್ರೂ ಮುಟ್ಟಿದ್ರ್ಯಾ? ಲೈಟ್, ಅಲಾರಾಮ್, ಚಾರ್ಜರ್?”

“ಒಂದೇ ಒಂದ್ ವಯರ್ ಮುಟ್ಟಲಿಲ್ಲ. ಬೇಕಾರೆ ಬರ್ದ್ ಕೊಡ್ತೆ.”

ಬರೆದೂ ಕೊಟ್ಟೆ. ಜಾಬ್ ಕಾರ್ಡ್ ಎನ್ನುವ ಅವರ ಚೀಟಿಯ ಹಿಂಬದಿಯಲ್ಲಿ ನನ್ನ ಚಂದದ ಅಕ್ಷರದಲ್ಲಿ ಬರೆದು ಸಹಿ ಹಾಕಿದೆ. ಅಪ್ಪಯ್ಯ ಪಕ್ಕದಲ್ಲೇ ನಿಂತಿದ್ದರು. ಮೇಲೆ ತಿರುಗುತ್ತಿದ್ದ ಫ್ಯಾನನ್ನು ನೋಡುತ್ತಿದ್ದರು. ಎದುರಾಳಿ ಸುಮ್ಮನಿದ್ದರೆ ಒಪ್ಪಿದಂತೆ ಎಂದು ನಮ್ಮಲ್ಲಿ ಲೆಕ್ಕ. ಸ್ವಂತ ಪಕ್ಷದವರು ಸುಮ್ಮನಿದ್ದರೆ ಏನರ್ಥ ಎಂದು ಯಾರೂ ಕಲಿಸಿರಲಿಲ್ಲ.

ಕಂಪ್ಯೂಟರಿಗೆ ಸಿಕ್ಕಿಸಿ ನೋಡಿದರು. ದೋಷ ಏನೂ ಕಾಣಿಸಲಿಲ್ಲ. ಕೊನೆಗೆ ಪೆಟ್ರೋಲ್ ಎತ್ತುವ ಪಂಪು ಕೈಕೊಡುತ್ತಿರಬಹುದು ಎಂದು ಅಂದಾಜು ಮಾಡಿ, ವಾರಂಟಿಯಲ್ಲೇ ಹೊಸ ಪಂಪು ಹಾಕಿಕೊಟ್ಟರು. ಗಾಡಿಯನ್ನು ತೊಳೆದು, ಗಾಳಿ ಬಿಟ್ಟು ಒಣಗಿಸಿ ಕೊಟ್ಟರು. ನಾನು ಗೆದ್ದಿದ್ದೆ. ಆ ಸಂಜೆ ಅಮ್ಮನಿಗೆ ಇಡೀ ವಾದವನ್ನು ಎರಡು ಪಕ್ಷದ ದನಿಯಲ್ಲೂ ಆಡಿ ತೋರಿಸಿದೆ. ಅಮ್ಮ ನನ್ನ ಬಟ್ಟಲಿಗೆ ಇನ್ನೊಂದು ಮೀನಿನ ತುಂಡು ಹಾಕಿದರು. ಅಪ್ಪಯ್ಯ ತಲೆ ಎತ್ತದೆ ಉಣ್ಣುತ್ತಿದ್ದರು.

“ಎಂತ ಅಪ್ಪಯ್ಯ, ಖುಷಿ ಇಲ್ಯಾ?”

“ಇತ್ತ್ ಮಾರಾಯಾ. ಓಡ್ಲಿ ಕಾಂಬ.”

ಓಡಿತು. ಒಂದು ವಾರ, ಎರಡು ವಾರ. ಆದರೆ ನನ್ನೊಳಗೆ ಏನೋ ಕೆಟ್ಟಿತ್ತು. ತರಗತಿಯಲ್ಲಿ ಕೂತಿರುವಾಗ ಹನ್ನೊಂದು ಗಂಟೆಯ ಹೊತ್ತಿಗೆ, ಅಂದರೆ ಅಪ್ಪಯ್ಯ ಕೆರಾಡಿಯ ಇಳುಕಲಿನಲ್ಲಿರುವ ಹೊತ್ತಿಗೆ, ಕಿಸೆಯಲ್ಲಿದ್ದ ಫೋನು ಭಾರವಾದಂತೆ ಅನಿಸುತ್ತಿತ್ತು. ಯಾರದೋ ಫೋನು ಕಂಪಿಸಿದರೆ ನನ್ನ ಕಿಸೆಗೆ ಕೈ ಹಾಕುತ್ತಿದ್ದೆ. ಪಂಪು ಬದಲಾಯಿಸಿದ್ದಾರೆ, ಹಾಗಾಗಿ ಹೆದರಲು ಕಾರಣವಿಲ್ಲ ಎಂದು ನನಗೆ ನಾನೇ ವಾದಿಸುತ್ತಿದ್ದೆ. ಪಂಪೇ ಕೆಟ್ಟಿತ್ತು ಎನ್ನುವುದಕ್ಕೆ ಪುರಾವೆ ಏನು ಎಂದು ನಾನೇ ಎದುರು ಪಕ್ಷದಿಂದ ಕೇಳುತ್ತಿದ್ದೆ. ಪುರಾವೆ ಇರಲಿಲ್ಲ. ಅಂದಾಜಿನ ಮೇಲೆ ಒಂದು ಸಾಮಾನು ಬದಲಾಯಿಸಿದ್ದರು, ನನ್ನ ಬಾಯಿಗೆ ಸೋತು ಬದಲಾಯಿಸಿದ್ದರು. ಅಡ್ವೈಸರನ್ನು ನಾನು ಸೋಲಿಸಿದ್ದೆ, ಆದರೆ ಗಾಡಿ ನಿಂತ ಕಾರಣ ಹಾಗೇ ಉಳಿದಿರಬಹುದು ಎಂಬ ಯೋಚನೆ ಬಿಡುತ್ತಿರಲಿಲ್ಲ.

ಮೂರನೆಯ ವಾರದ ಶನಿವಾರ ಬ್ರಹ್ಮಾವರದ ಒಂದು ಕಾಲೇಜಿನಲ್ಲಿ ಚರ್ಚಾಸ್ಪರ್ಧೆ ಇತ್ತು. ವಿಷಯ ಏನಿತ್ತೆಂದು ಈಗ ನೆನಪಿಲ್ಲ. ಮಗ ಮಾತಾಡುವುದನ್ನು ಒಮ್ಮೆ ಕೇಳುತ್ತೇನೆ ಎಂದು ಅಪ್ಪಯ್ಯ ಹೊರಟರು. ಹತ್ತಿರದ ನಾಲ್ಕು ಮನೆಗಳಿಗೆ ಮಾತ್ರ ಮೀನು ಕೊಟ್ಟು ಬಂದು, ಪೆಟ್ಟಿಗೆ ಬಿಚ್ಚಿಟ್ಟು, ವಾಸನೆ ಹೋಗಲಿ ಎಂದು ಗಾಡಿಗೆ ಪೈಪಿನಲ್ಲಿ ಚೆನ್ನಾಗಿ ನೀರು ಹೊಡೆದರು. ಬಿಳಿ ಅಂಗಿ ಹಾಕಿಕೊಂಡು ಹಿಂದೆ ಕೂತರು. ಗಾಡಿ ಬಿಡುವವನು ನಾನು.

ಕೋಟೇಶ್ವರ ದಾಟಿತು. ತೆಕ್ಕಟ್ಟೆಯ ಹತ್ತಿರ ಮುಂದೆ ಒಂದು ರಿಕ್ಷಾ ನಿಧಾನ ಹೋಗುತ್ತಿತ್ತು. ಅದನ್ನು ದಾಟಲೆಂದು ಬಲಕ್ಕೆ ತೆಗೆದೆ. ಹಿಂದಿನಿಂದ ಖಾಸಗಿ ಬಸ್ಸೊಂದರ ಹಾರ್ನು ಕೇಳಿತು. ನಮ್ಮ ಕಡೆಯ ಬಸ್ಸುಗಳ ಹಾರ್ನು ಗೊತ್ತಿರುವವರಿಗೆ ಗೊತ್ತು. ಅದು ದಾರಿ ಕೇಳುವ ಸದ್ದಲ್ಲ, ದಾರಿ ತನ್ನದು ಎಂದು ಹೇಳುವ ಸದ್ದು. ವೇಗ ಹೆಚ್ಚಿಸಲು ಆಕ್ಸಿಲರೇಟರ್ ತಿರುಗಿಸಿದೆ.

ಏನೂ ಆಗಲಿಲ್ಲ.

ಇಂಜಿನಿನ ಸದ್ದು ಇರಲಿಲ್ಲ. ಕೆಮ್ಮಲಿಲ್ಲ, ಜಗ್ಗಲಿಲ್ಲ. ಯಾರೋ ಕತ್ತರಿಯಿಂದ ಕತ್ತರಿಸಿದ ಹಾಗೆ ನಿಂತುಹೋಗಿತ್ತು. ಗಾಳಿಯ ಸದ್ದು, ಟೈರಿನ ಸದ್ದು, ಹಿಂದಿನ ಹಾರ್ನು ಮಾತ್ರ ಕೇಳುತ್ತಿತ್ತು. ಎಡಕ್ಕೆ ರಿಕ್ಷಾ, ಬಲಕ್ಕೆ ಡಿವೈಡರ್, ನಡುವೆ ವೇಗ ಕಳೆದುಕೊಳ್ಳುತ್ತಿರುವ ನಾವು. ಸೆಲ್ಫ್ ಒತ್ತಿದೆ. ಮತ್ತೆ ಒತ್ತಿದೆ. ಆಗ ಹಿಂದಿನಿಂದ ಅಪ್ಪಯ್ಯ ಕೂಗಿದರು. ಅಷ್ಟು ದೊಡ್ಡ ದನಿಯನ್ನು ನಾನು ಅವರ ಬಾಯಲ್ಲಿ ಕೇಳಿರಲಿಲ್ಲ.

“ಅಡ್ಡ ಆಪುಕಾಗ! ಮೂತಿ ನೇರ ಇಡ್, ಅಡ್ಡ ಆಪುಕಾಗ!”

ರಿಕ್ಷಾ ಮುಂದೆ ಹೋಗಲಿ ಎಂದು, ಗಾಡಿ ಅಡ್ಡ ತಿರುಗದ ಹಾಗೆ ನೇರ ಹಿಡಿದೆ. ಅದು ಹೋದ ಕೂಡಲೇ ಅದರ ಹಿಂದಿನಿಂದ ಎಡಕ್ಕೆ ಜಾರಿದೆ. ಬಸ್ಸು ನಮ್ಮ ಬಲಗಡೆ ಕೈ ಚಾಚಿದರೆ ತಾಗುವಷ್ಟು ಹತ್ತಿರದಿಂದ ಹಾದುಹೋಯಿತು. ಅದರ ಗಾಳಿಗೆ ಗಾಡಿ ಒಮ್ಮೆ ಓಲಾಡಿತು. ಬಾಗಿಲಲ್ಲಿ ನಿಂತ ಕಂಡಕ್ಟರ್ ಏನೋ ಬೈದದ್ದು ಕಂಡಿತು, ಕೇಳಿಸಲಿಲ್ಲ. ರಸ್ತೆಯಂಚಿನ ಮರಳಿಗೆ ಇಳಿದು ಗಾಡಿ ತಾನಾಗಿ ನಿಂತಿತು.

ಇಬ್ಬರೂ ಇಳಿಯಲಿಲ್ಲ. ಅಪ್ಪಯ್ಯನ ಬೆರಳುಗಳು ನನ್ನ ಭುಜದಲ್ಲಿ ಹುಗಿದು ಹೋಗಿದ್ದವು. ಮರುದಿನ ನೋಡಿದರೆ ಅಲ್ಲಿ ನೀಲಿಗಟ್ಟಿತ್ತು.

ಇಳಿದ ಮೇಲೆ ಅವರು ಗಾಡಿಯ ಕಡೆ ನೋಡದೆ ಬೇಲಿ ಬದಿಯ ಕಲ್ಲಿನ ಮೇಲೆ ಕೂತು ಹೇಳತೊಡಗಿದರು. ಕೇಳಿದ್ದಕ್ಕಲ್ಲ, ತಾವಾಗಿಯೇ.

“ನಿನ್ ಪ್ರಾಯ ನಂಗೆ. ಹೊಸ ಬೋಟ್, ಹೊಸ ಇಂಜಿನ್. ಆಯ್ಲ್ ಕಮ್ಮಿ ಆರೆ ಇಂಜಿನ್ ಹಾಳಾಪುಕಾಗ ಅಂದೇಳಿ ಅದಕ್ಕೊಂದ್ ಸ್ವಿಚ್ ಇತ್ತ್, ತನ್ನಷ್ಟಕ್ ನಿಲ್ಸೂದ್. ಮೀನ್ ತುಂಬ್ಸ್ಕಂಡ್ ಬಪ್ಪತ್ತಿಗೆ ಅಳಿವೆ ಬಾಯಲ್ಲಿ ಆ ಸ್ವಿಚ್ ನಿಲ್ಲಿಸ್ತ್. ಆಯ್ಲ್ ಕಮ್ಮಿ ಇರ್ಲಿಲ್ಲ ಮಾರಾಯಾ, ಸ್ವಿಚ್ಚೇ ಹಾಳಾಯಿತ್ತ್. ಇಂಜಿನ್ ನಿಂತ ಬೋಟ್ ತೆರೆಗೆ ಅಡ್ಡ ಆತ್ತ್. ಅಡ್ಡ ಆರೆ ಮುಗ್ದೋಯ್ತ್.”

ಹೊಳೆ ಕಡಲಿಗೆ ಸೇರುವ ಆ ಬಾಯಲ್ಲಿ ತೆರೆ ಹೇಗೆ ಏಳುತ್ತದೆ ಎಂದು ನಾನು ದಡದಿಂದ ನೋಡಿದ್ದೇನೆ. ಬೋಟಿನಲ್ಲಿ ಏಳು ಜನ ಇದ್ದರಂತೆ. ದಡಕ್ಕೆ ಬಂದವರು ಆರು. ಏಳನೆಯವರು ಅಪ್ಪಯ್ಯನ ಪಕ್ಕ ಕೂತು ಬಲೆ ಕಟ್ಟುವುದನ್ನು ಕಲಿಸಿದವರು.

ಇಷ್ಟು ವರ್ಷ ಈ ಕಥೆ ನಮ್ಮ ಮನೆಯಲ್ಲಿ ಯಾರೂ ಹೇಳಿರಲಿಲ್ಲ. ನಾನು ಏನಾದರೂ ಹೇಳಬೇಕಿತ್ತು. ಹೇಳಿದ್ದು ಇಷ್ಟು: “ಅವ್ರನ್ನ ಬಿಡೂದಿಲ್ಲ ಅಪ್ಪಯ್ಯ. ಈಗ್ಲೇ ಸರ್ವೀಸಿಗೆ ಹೋಪ. ಹೊಸ ಗಾಡಿ ಇಂಥದ್ದ್ ಕೊಟ್ರೆ ಕೇಸ್ ಹಾಕುಕಾತ್ತ್.”

ಅವರು ನನ್ನನ್ನು ನೋಡಿದರು. “ಹೋಪ,” ಎಂದಷ್ಟೇ ಹೇಳಿದರು.

ಗಾಡಿ ಅರ್ಧ ಗಂಟೆ ಬಿಟ್ಟು, ಏನೂ ಆಗದ ಹಾಗೆ ಚಾಲೂ ಆಯಿತು. ಅದೇ ಹೆಚ್ಚು ಭಯ ಹುಟ್ಟಿಸಿತು. ಕೆಟ್ಟದ್ದು ಕೆಟ್ಟೇ ಇದ್ದರೆ ತಳ್ಳಿಕೊಂಡಾದರೂ ಹೋಗಬಹುದು. ರಸ್ತೆಯ ಅಂಚಿನಲ್ಲೇ, ಸೈಕಲ್ಲಿನವರು ನಮ್ಮನ್ನು ದಾಟಿಹೋಗುವಷ್ಟು ನಿಧಾನವಾಗಿ ಕುಂದಾಪುರಕ್ಕೆ ಹಿಂದಿರುಗಿದೆವು. ಪ್ರತಿಯೊಂದು ಹಾರ್ನಿಗೂ ನನ್ನ ಕುತ್ತಿಗೆ ಒಳಗೆ ಸೇರಿಕೊಳ್ಳುತ್ತಿತ್ತು.

ಅಡ್ವೈಸರ್ ಈ ಸಲ ತಮಾಷೆ ಮಾಡಲಿಲ್ಲ. ನಮ್ಮ ಮುಖ ಕಂಡಿರಬೇಕು. ತಾವೇ ಮೆಕ್ಯಾನಿಕ್ಕಿನ ಜೊತೆ ಕೂತರು. ಗಾಡಿಯನ್ನು ನಡುಸ್ಟ್ಯಾಂಡಿನಲ್ಲಿ ನಿಲ್ಲಿಸಿ, ಚಾಲೂ ಮಾಡಿ, ಕಂಪ್ಯೂಟರಿಗೆ ಸಿಕ್ಕಿಸಿದರು. ಮತ್ತೆ ಯಾವ ದೋಷವೂ ತೋರಿಸಲಿಲ್ಲ. ಎಡಗಡೆಯ ಸೈಡ್ ಕವರ್ ಬಿಚ್ಚಿ, ಒಂದೆರಡು ಕನೆಕ್ಷನ್ ಒತ್ತಿ ನೋಡಿದರು.

“ಹ್ವಾಯ್, ಎಂತ ಹೇಳೂದ್ ಅಂದೇಳಿ ಗೊತ್ತಾತಿಲ್ಲ. ಇನ್ ಉಳ್ದದ್ದ್ ಇಸಿಯು, ಗಾಡಿಯ ತಲೆ. ಅದನ್ನೇ ಬದಲ್ಸಿ ಕೊಡಿ ಅಂದೇಳಿ ಕಂಪನಿಗ್ ಬರೀತೆ. ವಯರಿಂಗ್ ಮುಟ್ಟಲಿಲ್ಲ ಅಂದೇಳಿ ನೀವ್ ಬರ್ದ್ ಕೊಟ್ಟದ್ದ್ ಇತ್ತಲೆ, ಅದನ್ನೂ ಒಟ್ಟಿಗ್ ಕಳ್ಸ್ತೆ. ಒಪ್ತ್ರ್.”

ಇದಕ್ಕಿಂತ ದೊಡ್ಡ ಗೆಲುವು ಬೇಕಿತ್ತೇ? ಆದರೆ ಅವರು ಮಾತಾಡುತ್ತಿರುವಾಗ ನನ್ನ ಕಣ್ಣು ಬಿಚ್ಚಿದ ಸೈಡ್ ಕವರಿನ ಒಳಗೆ ಹೋಯಿತು. ಕಪ್ಪು ವಯರುಗಳ ಕಟ್ಟು. ಕಟ್ಟಿನ ಕೆಳಗೆ, ಪೆಟ್ಟಿಗೆಯ ನೀರು ಇಳಿದು ಬಿಳಿಯ ಉಪ್ಪಿನ ಗೆರೆ ಮೂಡಿದ ಕಡೆ, ಕಪ್ಪು ಟೇಪು ಸುತ್ತಿದ ಒಂದು ಸಣ್ಣ ಉಬ್ಬು. ಟೇಪು ಬಿಚ್ಚದಿರಲಿ ಎಂದು ಅದರ ಮೇಲೆ ಹಸಿರು ನೈಲಾನ್ ನೂಲು ಸುತ್ತಿ ಗಂಟು ಹಾಕಿತ್ತು. ಯಾರೂ ಅದನ್ನು ಗಮನಿಸಿರಲಿಲ್ಲ. ಅಷ್ಟು ಅಚ್ಚುಕಟ್ಟಾಗಿತ್ತು, ಕಂಪನಿಯವರೇ ಮಾಡಿದ ಹಾಗೆ.

ಆದರೆ ಯಾವ ಕಂಪನಿಯೂ ಬಲೆಗಂಟು ಹಾಕುವುದಿಲ್ಲ. ಬಲೆಯ ಕಣ್ಣು ಕಟ್ಟುವಾಗ ಹಾಕುವ, ಎಳೆದಷ್ಟೂ ಬಿಗಿಯುವ ಗಂಟು ಅದು. ತುದಿಯನ್ನು ಕತ್ತರಿಸದೆ ಒಳಗೆ ಮಡಚಿ ಸೇರಿಸುವುದು ಒಬ್ಬರದೇ ಅಭ್ಯಾಸ. ನನ್ನ ಶಾಲೆಯ ಚೀಲದ ಹರಿದ ಪಟ್ಟಿಗೆ, ಅಮ್ಮನ ಬುಟ್ಟಿಯ ಅಂಚಿಗೆ, ಬಟ್ಟೆ ಒಣಗಿಸುವ ಹಗ್ಗಕ್ಕೆ ಹಾಕಿದ ಆ ಗಂಟನ್ನು ನಾನು ಹುಟ್ಟಿದಂದಿನಿಂದ ನೋಡುತ್ತಾ ಬಂದಿದ್ದೇನೆ.

ತಿರುಗಿ ನೋಡಿದೆ. ಅಪ್ಪಯ್ಯ ಈ ಸಲ ಫ್ಯಾನನ್ನು ನೋಡುತ್ತಿರಲಿಲ್ಲ. ಗಂಟನ್ನೇ ನೋಡುತ್ತಿದ್ದರು. ಆ ಮುಖವನ್ನು ನಾನು ಮರೆಯಲಾರೆ. ತಪ್ಪು ಸಿಕ್ಕಿಬಿದ್ದ ಮುಖವಲ್ಲ. ಮಗ ಸಹಿ ಹಾಕಿದ ಸುಳ್ಳು ಈಗ ಮಗನಿಗೂ ಗೊತ್ತಾಯಿತು ಎಂದು ಹೆದರಿದ ಮುಖ.

ನನ್ನ ತಲೆ ಓಡಿತು. ಸುಮ್ಮನಿರಬಹುದು. ಹೊಸ ಇಸಿಯು ಬರಲಿ, ಮನೆಗೆ ಹೋಗಿ ಗಂಟು ಬಿಚ್ಚಿಸೋಣ. ಯಾರಿಗೂ ತಿಳಿಯುವುದಿಲ್ಲ. ಎದುರಾಳಿಗೆ ಬೇಕಾದ ಸಂಗತಿಯನ್ನು ನೀನಾಗಿ ಒದಗಿಸಬೇಡ. ಆದರೆ ಈ ಗಂಟೇ ಕಾರಣ ಎನ್ನುವುದಕ್ಕೆ ಪುರಾವೆ ಏನು? ಅಲ್ಲದಿದ್ದರೆ? ಅಥವಾ ಬಿಚ್ಚುತ್ತೇನೆ ಎಂದು ಹೇಳಿ ಅಪ್ಪಯ್ಯ ಬಿಚ್ಚದಿದ್ದರೆ? ಮೊದಲ ಸಲ ಹೀಗೆಯೇ ಗೆದ್ದು, ಜೀವ ತೆಗೆಯಬಹುದಾದ ಗಾಡಿಯನ್ನು ತೊಳೆಸಿ ಮನೆಗೆ ತಂದುಕೊಂಡಿದ್ದೆ. ಬಸ್ಸಿನ ಗಾಳಿ ಮತ್ತೆ ಬಲ ಕೆನ್ನೆಗೆ ಬಡಿದಂತಾಯಿತು. ಕಣ್ಣ ಮುಂದೆ ಬಂದ ಚಿತ್ರದಲ್ಲಿ ಈ ಸಲ ಆ ಗಾಡಿಯ ಮೇಲೆ, ಕೆರಾಡಿಯ ಇಳುಕಲಿನಲ್ಲಿ, ಅಪ್ಪಯ್ಯ ಒಬ್ಬರೇ ಇದ್ದರು. ನಾನು ತರಗತಿಯಲ್ಲಿದ್ದೆ, ಫೋನು ಕಂಪಿಸುತ್ತಿತ್ತು.

ವಾದವನ್ನು ಅಲ್ಲಿಗೇ ಬಿಟ್ಟೆ. ಕೈ ಚಾಚಿದೆ. ಇಂಜಿನು ಓಡುತ್ತಿರುವಾಗಲೇ ಆ ಗಂಟನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಅಲುಗಿಸಿದೆ.

ಇಂಜಿನು ನಿಂತಿತು. ತೆಕ್ಕಟ್ಟೆಯಲ್ಲಿ ನಿಂತ ಹಾಗೆಯೇ, ಕತ್ತರಿಸಿದ ಹಾಗೆ.

ಮೆಕ್ಯಾನಿಕ್ ತಲೆ ಎತ್ತಿದ. ಅಡ್ವೈಸರ್ ಗಂಟನ್ನು ನೋಡಿದರು, ನನ್ನನ್ನು ನೋಡಿದರು.

“ಇದೆಂತ?”

“ಆ ಗಂಟ್ ನಂದ್,” ಎಂದರು ಅಪ್ಪಯ್ಯ. “ಮಗನಿಗ್ ಗೊತ್ತಿರ್ಲಿಲ್ಲ. ಅವ್ನ್ ಬರ್ದದ್ದ್ ಸುಳ್ಳಲ್ಲ, ನಾನ್ ಸುಮ್ನಿದ್ದದ್ದ್ ಸುಳ್ಳ್.”

ಮೆಕ್ಯಾನಿಕ್ ಟೇಪು ಸೀಳಿದ. ಒಳಗೆ ತಾಮ್ರ ಪಾಚಿಯ ಹಾಗೆ ಹಸಿರಾಗಿತ್ತು. ಈಗಿನ ಗಾಡಿಗಳಲ್ಲಿ ಸೈಡ್ ಸ್ಟ್ಯಾಂಡ್ ಕೆಳಗೆ ಬಿಟ್ಟರೆ ಇಂಜಿನು ತಾನಾಗಿ ನಿಲ್ಲುತ್ತದೆ. ಸ್ಟ್ಯಾಂಡ್ ಎತ್ತಲು ಮರೆತು ಹೊರಟವರು ತಿರುವಿನಲ್ಲಿ ಬೀಳದಿರಲಿ ಎಂದು ಅಲ್ಲೊಂದು ಸ್ವಿಚ್ಚು ಇಟ್ಟಿರುತ್ತಾರೆ. ಅಪ್ಪಯ್ಯ ಗಾಡಿ ತಂದ ವಾರದಲ್ಲೇ ಆ ಸ್ವಿಚ್ಚಿನ ವಯರು ಕತ್ತರಿಸಿ, ತುದಿಗಳನ್ನು ಒಟ್ಟಿಗೆ ಹೊಸೆದು ಕಟ್ಟಿಬಿಟ್ಟಿದ್ದರು. ಸ್ಟ್ಯಾಂಡ್ ಯಾವಾಗಲೂ ಮೇಲೆಯೇ ಇದೆ ಎಂದು ಗಾಡಿ ನಂಬುವ ಹಾಗೆ.

“ಎಂತಕ್ಕೆ ಮಾಡಿದ್ರಿ ಮಾರಾಯ್ರೆ?”

“ಮನೆಮನೆಗ್ ನಿಲ್ಸಿ ಮೀನ್ ಕೊಡ್ಕಲೆ, ಪ್ರತಿ ಸಲ ನಿಲ್ಲತ್ತ್ ಅಂದೇಳಿ,” ಎಂದರು ಮೊದಲು. ಆಮೇಲೆ ತಲೆ ತಗ್ಗಿಸಿ, “ಅದಲ್ಲ. ತನ್ನಷ್ಟಕ್ ನಿಲ್ಲು ಇಂಜಿನ್ ನಂಗ್ ಆತಿಲ್ಲ. ನಾನಿದ್ದ ಬೋಟಲ್ಲೆಲ್ಲ ಮೊದ್ಲು ಅಂಥ ಸ್ವಿಚ್ ತೆಗೂದೇ ನನ್ ಕೆಲ್ಸ.”

ಬೋಟಿನಲ್ಲಿ ಅದು ಬುದ್ಧಿವಂತಿಕೆ. ಅಲ್ಲಿ ಇಂಜಿನು ಸುಟ್ಟುಹೋದರೂ ಪರವಾಗಿಲ್ಲ, ದಡ ಮುಟ್ಟುವವರೆಗೆ ಓಡಬೇಕು. ಆದರೆ ಬೋಟಿನಲ್ಲಿ ವಯರಿನ ಜೋಡಣೆ ಇರುವುದು ಇಂಜಿನ್ ಕೋಣೆಯ ಒಳಗೆ, ಕೈಗೆ ಸಿಗುವಂತೆ. ಇಲ್ಲಿ ಮೀನಿನ ಪೆಟ್ಟಿಗೆಯ ಉಪ್ಪು ನೀರು ದಿನವೂ ಅದರ ಮೇಲೆ ತೊಟ್ಟಿಕ್ಕುತ್ತಿತ್ತು. ಅಡ್ವೈಸರ್ ಬೆರಳಿನಿಂದ ಆ ಬಿಳಿ ಗೆರೆಯನ್ನು ಉಜ್ಜಿ ತೋರಿಸಿದರು.

“ಕಾಣಿ, ಉಪ್ಪ್ ನೀರ್ ಹೋಗಿ ಜಾಯಿಂಟ್ ಬಿಡೂದ್. ಬಿಟ್ಟ ಕೂಡ್ಲೆ ಸ್ಟ್ಯಾಂಡ್ ಕೆಳ್ಗಿತ್ತ್ ಅಂದೇಳಿ ಇಂಜಿನ್ ನಿಲ್ಸೂದ್. ಒಣಗ್ರೆ ಮತ್ತೆ ಸರಿ. ಅದಕ್ಕೇ ಕಂಪ್ಯೂಟರಿಗೂ ಸಿಕ್ಕಲಿಲ್ಲ, ಅದ್ರ ಲೆಕ್ಕದಲ್ಲಿ ಇದ್ ದೋಷವೇ ಅಲ್ಲ.”

ನಿಲ್ಲಬಾರದು ಎಂದು ಕಟ್ಟಿದ ಗಂಟೇ ನಿಲ್ಲಿಸುತ್ತಿತ್ತು. ಅಪ್ಪಯ್ಯ ಹಸಿರು ನೂಲಿನ ತುಂಡನ್ನು ನೆಲದಿಂದ ಹೆಕ್ಕಿ ಬೆರಳಿಗೆ ಸುತ್ತಿಕೊಂಡರು. “ನಿನ್ನನ್ನ ಹಿಂದೆ ಕೂಕಂಡ್ ನಾನೇ ಕೊಲ್ತಿದ್ನಲ ಮಗಾ,” ಎಂದರು, ಬಹಳ ಸಣ್ಣ ದನಿಯಲ್ಲಿ. ಅವರ ಕೈ ಹಿಡಿದುಕೊಂಡೆ.

ಅಡ್ವೈಸರ್ ಜಾಬ್ ಕಾರ್ಡು ಎಳೆದುಕೊಂಡರು. ಈಗ ಇಡೀ ವಾರಂಟಿ ಹೋಯಿತು ಎಂದು ನಾನು ಕಾಯುತ್ತಿದ್ದೆ. ವಾದಿಸಲು ತ್ರಾಣ ಇರಲಿಲ್ಲ.

“ಇಸಿಯುಗ್ ಬರಿಯೂದಿಲ್ಲ, ಅದ್ ಸರಿ ಇತ್ತ್. ಈ ವಯರಿಂಗ್ ಮತ್ತೆ ಸ್ವಿಚ್ ವಾರಂಟಿಲಿ ಬಪ್ದಿಲ್ಲ, ನಿಮ್ ಕೈಯಿಂದಲೇ ಹಾಕ್ಸ್ಕ್. ಬಾಕಿ ಗಾಡಿಗೆ ಇತ್ತ್.” ಪೆನ್ನು ಎತ್ತಿ ನನ್ನ ಕಡೆ ತೋರಿಸಿದರು. “ಮೊನ್ನೆ ನೀವೇ ಬೆರ್ಳಿಟ್ಟ್ ತೋರ್ಸಿದ್ರಿ ಅಲ್ದಾ? ಯಾವ ಭಾಗ ಹಾಳ್ ಮಾಡಿದ್ರೋ ಆ ಭಾಗಕ್ ಮಾತ್ರ ಇಲ್ಲ ಅಂದೇಳಿ. ಮನೆಗ್ ಹೋಗಿ ಪುಟ ನೋಡ್ದೆ ಕಾಣಿ. ನೀವ್ ಹೇಳಿದ್ದೇ ಸರಿ.”

“ಆ ಪಂಪ್?” ಎಂದೆ. ಕೇಳದಿದ್ದರೂ ಆಗುತ್ತಿತ್ತು.

“ಅದ್ ನನ್ ಅಂದಾಜ್ ತಪ್ಪದ್ದ್. ನನ್ ಲೆಕ್ಕಕ್ ಬರ್ಕಂತೆ.” ಬರೆಯುತ್ತಲೇ ಸೇರಿಸಿದರು: “ಮೊದ್ಲೇ ಹೇಳಿದ್ರೆ ನಾನ್ ಅವತ್ತೇ ಸರಿ ಮಾಡಿ ಕೊಡ್ತಿದ್ದೆ. ನೀವ್ ಹೇಳುಕೆ ಜಾಗ ಎಲ್ಲ್ ಬಿಟ್ರಿ ಅವ್ರಿಗೆ?”

ಅವರು ಹಗುರವಾಗಿಯೇ ಹೇಳಿದ್ದು. ಆದರೆ ಆ ಮಾತು ಇನ್ನೂ ನನ್ನಲ್ಲಿದೆ. ಅವತ್ತು ನಾನು ಅಷ್ಟು ಜೋರಾಗಿ ಗೆಲ್ಲದಿದ್ದರೆ, ಅಪ್ಪಯ್ಯ ಫ್ಯಾನಿನಿಂದ ಕಣ್ಣು ಇಳಿಸಿ ಒಂದು ಮಾತು ಹೇಳುತ್ತಿದ್ದರೇನೋ. ಒಂದು ವಯರೂ ಮುಟ್ಟಿಲ್ಲ ಎಂದು ಅಷ್ಟು ಜನರ ಮುಂದೆ ಬರೆದುಕೊಟ್ಟ ಮಗನ ಸಹಿಯನ್ನು ಯಾವ ಅಪ್ಪ ಅಳಿಸುತ್ತಾನೆ?

ಸಂಜೆಯೊಳಗೆ ಹೊಸ ಸ್ವಿಚ್ಚು ಹಾಕಿದರು. ಪೆಟ್ಟಿಗೆಯ ತಳದ ತೂತಿಗೆ ಒಂದು ಪೈಪು ಸಿಕ್ಕಿಸಿ, ನೀರು ಹಿಂದಿನ ಚಕ್ರದಾಚೆ ಬೀಳುವ ಹಾಗೆ ಅಪ್ಪಯ್ಯ ತಾವೇ ಮಾಡಿಕೊಂಡರು. ಅದನ್ನು ಕಟ್ಟಿದ್ದೂ ಅದೇ ಗಂಟಿನಲ್ಲಿ.

ಕಷ್ಟವಾದದ್ದು ಸ್ವಿಚ್ಚು ಹಾಕಿಸುವುದಲ್ಲ, ಅದರ ಜೊತೆ ಬದುಕುವುದು. ಮರುದಿನ ಅಂಗಳದಲ್ಲಿ ಅಪ್ಪಯ್ಯ ಗಾಡಿ ಚಾಲೂ ಮಾಡಿ, ಪಕ್ಕ ನಿಂತು, ಕಾಲಿನಿಂದ ಸೈಡ್ ಸ್ಟ್ಯಾಂಡ್ ಕೆಳಗೆ ತಳ್ಳಿದರು. ಇಂಜಿನು ತಟ್ಟನೆ ನಿಂತಿತು. ಅವರ ಮೈ ಇಡೀ ಬೆಚ್ಚಿ ಹಿಂದಕ್ಕೆ ಸರಿಯಿತು. ಮತ್ತೆ ಚಾಲೂ ಮಾಡಿದರು, ಮತ್ತೆ ತಳ್ಳಿದರು, ಮತ್ತೆ ಬೆಚ್ಚಿದರು. ಅಮ್ಮ ಒಳಗಿನಿಂದ ಬಂದು ನೋಡಿದರು.

“ಎಂತ ಆಟ ಇದ್ ಬೆಳಿಗ್ಗೆ ಬೆಳಿಗ್ಗೆ?”

“ನಿಲ್ಲತ್ತ್ ಕಾಣ್,” ಎಂದರು ಅಪ್ಪಯ್ಯ. “ನಾವ್ ನಿಲ್ಸಿದ್ರೆ ಮಾತ್ರ ನಿಲ್ಲತ್ತ್.”

ಈಗಲೂ ದಿನಾ ಹೊರಡುವ ಮುಂಚೆ ಒಮ್ಮೆ ಹಾಗೆ ಮಾಡುತ್ತಾರೆ. ನಾನು ಒಳಗೆ ಹಾಸಿಗೆಯಲ್ಲೇ ಇರುತ್ತೇನೆ. ಇಂಜಿನು ಚಾಲೂ ಆಗುತ್ತದೆ, ನಿಲ್ಲುತ್ತದೆ. ಆ ನಿಶ್ಶಬ್ದದಲ್ಲಿ ನನ್ನ ಉಸಿರೂ ನಿಲ್ಲುತ್ತದೆ. ಹೆದರಲು ಕಾರಣವಿಲ್ಲ ಎಂದು ಈಗ ಪುರಾವೆ ಸಮೇತ ಗೊತ್ತಿದ್ದರೂ. ಮತ್ತೆ ಚಾಲೂ ಆಗುತ್ತದೆ, ಪೋಂ ಎಂದು ಒಮ್ಮೆ ಹಾರ್ನು ಒತ್ತುತ್ತಾರೆ. ಸದ್ದು ಬಂದರಿನ ರಸ್ತೆಗೆ ತಿರುಗುವವರೆಗೆ ಕೇಳುತ್ತಾ ಮಲಗಿರುತ್ತೇನೆ. ಹನ್ನೊಂದು ಗಂಟೆಗೆ ಕೆರಾಡಿಯಿಂದ ಒಂದು ಮಿಸ್ಡ್ ಕಾಲ್ ಕೊಡಬೇಕೆಂದು ಮಾತಾಗಿದೆ. ಕೊಡುತ್ತಾರೆ.